ತಳ್ಳಿಹಾಕಿದ ಮೂರು ಸಾಲು

ಪುಟ್ಟ ಉಪಗ್ರಹಗಳನ್ನು ನಡೆಸುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಒಂದಕ್ಕೆ ನಾನೇ ಯಜಮಾನ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ತಿದ್ದುಪಡಿ ಕಳಿಸಬಹುದು. ಒಪ್ಪುವುದು ಬಿಡುವುದು ಮಾತ್ರ ನನ್ನ ಕೈಯಲ್ಲಿ. ಸಂಬಳವಿಲ್ಲ, ಜಂಬಕ್ಕೇನೂ ಕೊರತೆಯಿರಲಿಲ್ಲ.

ಕಳೆದ ವರ್ಷ, ಉಪಗ್ರಹ ಕಟ್ಟುತ್ತಿದ್ದ ಕಾಲೇಜೊಂದರ ಮೇಡಂ ಮೂರು ಸಾಲಿನ ತಿದ್ದುಪಡಿ ಕಳಿಸಿದರು. ಐವತ್ತನೇ ದಿನ ಉಪಗ್ರಹದ ಗಡಿಯಾರ ಮತ್ತೆ ಸೊನ್ನೆಯಿಂದ ಎಣಿಸಲು ಶುರುಮಾಡುತ್ತದೆ, ಆಗ ರೇಡಿಯೋ ಎಂದೂ ಬಾರದ ಹೊತ್ತಿಗಾಗಿ ಕಾಯುತ್ತ ಕೂರುತ್ತದೆ ಎಂದು ವಿವರಿಸಿದ್ದರು. ನಾನು ಪೂರ್ತಿ ಓದಲೇ ಇಲ್ಲ. "ಹತ್ತು ವರ್ಷದಿಂದ ಇದನ್ನೇ ಬರೀತಿದೀನಿ. ಮೊದಲು ಕಲೀರಿ, ಆಮೇಲೆ ಕಲಿಸೋಕೆ ಬನ್ನಿ" ಎಂದು ಎಲ್ಲರಿಗೂ ಕಾಣುವ ಹಾಗೆ ಬರೆದು ತಳ್ಳಿಹಾಕಿದೆ. ಇಪ್ಪತ್ತು ಜನ ನಗುಮುಖ ಒತ್ತಿದರು. ನಾನು ಬೀಗಿದೆ.

"ಆಗಲಿ ಸರ್, ನಿಮಗೇ ಹೆಚ್ಚು ಗೊತ್ತು" ಎಂದು ಅವರು ತಮ್ಮ ಉಪಗ್ರಹದಿಂದಲೂ ಆ ಮೂರು ಸಾಲು ತೆಗೆದರು.

ಅದು ಹಾರಿತು. ಐವತ್ತನೇ ದಿನ ಸುಮ್ಮನಾಯಿತು. ಎಷ್ಟು ಕೂಗಿದರೂ ಓ ಅನ್ನಲಿಲ್ಲ. ಅಂದೇ ಮೇಡಂ ಬರೆದರು: "ಸರ್, ನಾನಂದ ಹಾಗೇ ಆಗಿರಬಹುದಾ? ನೋಡಿ ಒಂದು ಮಾತು ಹೇಳಿ."

ನೋಡಿದೆ. ಅವರಂದ ಹಾಗೇ ಆಗಿತ್ತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಉತ್ತರ ಬರೆಯುವುದು ಬಿಟ್ಟು, ನನ್ನ ಹಳೆಯ ಮಾತನ್ನು ಸದ್ದಿಲ್ಲದೆ ಅಳಿಸಿಬಿಡಲೇ ಎಂದು ನಾಲ್ಕು ದಿನ ಲೆಕ್ಕ ಹಾಕಿದೆ. ಥೂ, ನನ್ನ ಜನ್ಮಕ್ಕಿಷ್ಟು!

"ಯಾಕ್ರೀ, ಇಂಗು ತಿಂದ ಮಂಗನ ಥರ ಕೂತಿದೀರಾ?" ಎಂದಳು ಹೆಂಡತಿ. ಎಲ್ಲ ಹೇಳಿದೆ. ಅವಳ ನಗು ಇಂಗಿಹೋಯಿತು.

"ನಾಲ್ಕು ದಿನ ಆಯ್ತಾ? ನಾಚಿಕೆ ಆಗಲ್ವಾ ನಿಮಗೆ? ಮೊದಲು ಫೋನ್ ಮಾಡಿ."

ಮಾಡಿದೆ. "ತಪ್ಪು ನಂದೇ ಮೇಡಂ. ನಿಮ್ಮ ತಿದ್ದುಪಡಿ ಸರಿ ಇತ್ತು. ಓದದೇ ಬೈದುಬಿಟ್ಟೆ. ಈಗಲೇ ಅದನ್ನ ಒಪ್ಕೋತೀನಿ, ನಿಮ್ಮ ಹೆಸರಲ್ಲೇ."



"ಒಪ್ಕೊಳ್ಳಿ ಸರ್. ನಮ್ಮದಾದ ಮೂರು ದಿನಕ್ಕೆ ಇನ್ನೊಂದು ಕಾಲೇಜಿನವರದ್ದು ಹಾರಿತ್ತಲ್ಲ, ಅದರಲ್ಲೂ ನಿಮ್ಮ ಸಾಫ್ಟ್‌ವೇರೇ. ನಮ್ಮದು ನಿಂತ ದಿನಾನೇ ಅವರಿಗೆ ಈ ಮೂರು ಸಾಲು ಕಳಿಸಿದ್ದೆ. ನೀವು ಬೇಡ ಅಂದಿದ್ದನ್ನ ಹಾರ್ತಿರೋ ಉಪಗ್ರಹಕ್ಕೆ ಇಲ್ಲಿಂದ ಹಾಕೋಕೆ ಭಯ ಅಂದ್ರು. ನಿಮ್ಮ ಒಂದು ಮಾತಿಗೆ ಕಾದ್ರು ಸರ್. ನಿನ್ನೆ ಅವರದ್ದೂ ನಿಂತೋಯ್ತು."

ಕ್ಷಮಿಸಿ ಎನ್ನಲೂ ನಾಚಿಕೆಯಾಯಿತು.