ಮಹಡಿಯಿಂದ ಇಳಿದ ಕೇಬಲ್

ಅಕ್ಕ ಕೆಳಗಿನ ಮನೆಯಲ್ಲಿ, ತಮ್ಮ ಮಹಡಿಯ ಮೇಲೆ. ನಡುವೆ ಇರುವುದು ಒಂದು ಸಾಲು ಮೆಟ್ಟಿಲು ಮಾತ್ರ. ಆದರೂ ವರ್ಷಗಟ್ಟಲೆಯಿಂದ ಇಬ್ಬರಿಗೂ ಮಾತಿಲ್ಲ. ಅಮ್ಮ ತೀರಿಕೊಂಡ ಮೇಲೆ ತಮ್ಮ ಅಮ್ಮನ ಹಳೇ ಟಿವಿಯನ್ನು ಅಕ್ಕನನ್ನು ಕೇಳದೆ ಗುಜರಿಗೆ ಹಾಕಿಬಿಟ್ಟಿದ್ದ. "ಕೆಟ್ಟು ಕೂತಿತ್ತು, ಹಾಕಿದೆ" ಅಂದ. "ನಾಳೆ ನನ್ನನ್ನೂ ಹಾಕು" ಅಂದಳು ಅಕ್ಕ. ಅಲ್ಲಿಗೆ ಮುಗಿಯಿತು. ಅಂದಿನಿಂದ ಏನು ಹೇಳಬೇಕಾದರೂ ತಮ್ಮನ ಹೆಂಡತಿಯ ಮೂಲಕವೇ. ಒಂದೇ ಕೋಣೆಯಲ್ಲಿ ಕೂತಿದ್ದರೂ "ಮೋಟರ್ ಆರಿಸೋಕೆ ಹೇಳಮ್ಮ ಅವನಿಗೆ" ಅನ್ನುವಳು ಅಕ್ಕ. ಆಕೆ ಗಂಡನ ಕಡೆ ತಿರುಗುವಷ್ಟರಲ್ಲಿ ಅವನು ಎದ್ದಾಗಿರುತ್ತಿತ್ತು. ಮುನಿಸಿಗೂ ಒಂದು ಮರ್ಯಾದೆ ಬೇಡವೇ?

ಅಕ್ಕನ ಕೆಲಸ ಪುಸ್ತಕಗಳ ಕರಡು ತಿದ್ದುವುದು. ಇನ್ನು ಕಾಗದ ಕಳಿಸುವುದಿಲ್ಲ, ಕಂಪ್ಯೂಟರಿನಲ್ಲೇ ತಿದ್ದಿ ಎಂದು ಮುದ್ರಣಾಲಯದವರು ಹೇಳಿದಾಗ, ರಿಪೇರಿ ಮಾಡಿ ಮಾರುವ ಅಂಗಡಿಗೆ ಹೋಗಿ ಒಂದು ಹಳೇ ಕಂಪ್ಯೂಟರ್ ಹೊತ್ತು ತಂದಳು. ಇದರಲ್ಲಿ ಹಾರ್ಡ್ ಡಿಸ್ಕ್ ಇಲ್ಲ, ಬೇರೆ ಹಾಕಿಸಿಕೊಳ್ಳಬೇಕು ಎಂದು ಅಂಗಡಿಯವ ಹೇಳಿದ್ದ. ಅಗ್ಗಕ್ಕೆ ಸಿಕ್ಕಿತೆಂಬ ಸಂಭ್ರಮದಲ್ಲಿ ಅದು ಅವಳ ಕಿವಿಗೆ ಬಿದ್ದಿರಲಿಲ್ಲ.

ತಮ್ಮ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಡಿಸ್ಕೇ ಇಲ್ಲದ ಕಂಪ್ಯೂಟರ್ ಶುರುವಾಗುತ್ತಿಲ್ಲವೆಂಬ ಸುದ್ದಿ ಕೇಳಿ ಹೆಂಡತಿಗೆ ಹೇಳಿದ: "ಡಿಸ್ಕ್ ಇಲ್ಲದಿದ್ರೂ ನಡೆಯುತ್ತೆ ಅಂತ ಹೇಳು ಅವಳಿಗೆ. ನನ್ನ ಕಂಪ್ಯೂಟರಿಂದ ಕೇಬಲ್ ಇಳಿಬಿಡ್ತೀನಿ. ಶುರುವಾಗೋಕೆ ಬೇಕಾದ್ದೆಲ್ಲ ಅದರಲ್ಲೇ ಬರುತ್ತೆ."

ಕಿಟಕಿಯಿಂದ ಕೇಬಲ್ ಇಳಿಯಿತು. ಅಕ್ಕ ಅದನ್ನು ಕಂಪ್ಯೂಟರಿಗೆ ಚುಚ್ಚಿ ಗುಂಡಿ ಒತ್ತಿದಳು. ಕಪ್ಪು ಪರದೆಯ ಮೇಲೆ ಒಂದೆರಡು ಸಾಲು ಮೂಡಿದವು. ಆ ಕಡೆಯಿಂದ ಯಾರಾದರೂ ಓಗೊಡುತ್ತಾರೇನೋ ಎಂದು ಕಂಪ್ಯೂಟರ್ ತುಸು ಹೊತ್ತು ಕಾದು ಸುಮ್ಮನಾಯಿತು.

"ಪರದೆ ಮೇಲೆ ಏನಿದೆ ಕೇಳು" ಎಂದ ತಮ್ಮ. ಹೆಂಡತಿ ಇಳಿದು ಹೋಗಿ ಹತ್ತಿ ಬಂದಳು. "ಏನೋ ಬಂತಂತೆ, ಹೋಯ್ತಂತೆ."

"ಏನೋ ಅಂದ್ರೆ? ಮತ್ತೆ ಒತ್ತೋಕೆ ಹೇಳು!"

ಅವಳು ಇಳಿದು ಹೇಳಿ, ಮತ್ತೆ ಹತ್ತುವಷ್ಟರಲ್ಲಿ ಕಂಪ್ಯೂಟರ್ ಕಾದು ಸೋತಿರುತ್ತಿತ್ತು. ನಾಲ್ಕಾರು ಸಲ ಹೀಗೇ ಆದಮೇಲೆ ಅವಳು ನಡುಮೆಟ್ಟಿಲಲ್ಲಿ ಕುಸಿದು ಕೂತಳು.

"ಅತ್ತಿಗೆ, ನಿಮ್ಮ ಮುನಿಸು ಮುರಿಯೋಕೆ ಮೊದಲು ನನ್ನ ಮೊಣಕಾಲು ಮುರಿಯುತ್ತೆ. ಕಿಟಕಿ ಇದೆ, ದೇವರು ಬಾಯಿ ಕೊಟ್ಟಿದ್ದಾನೆ, ಕೂಗಿಕೊಳ್ಳಿ!" ಎಂದವಳೇ ಚೀಲ ತೆಗೆದುಕೊಂಡು ಪೇಟೆಗೆ ಹೊರಟೇಬಿಟ್ಟಳು.

ಸ್ವಲ್ಪ ಹೊತ್ತಿಗೆ ಮೇಲೆ ಯಾರೋ ಕೆಮ್ಮಿದರು. "ಈಗ ಒತ್ತಬಹುದು." ಗೋಡೆಗೆ ಹೇಳಿದ ಹಾಗಿತ್ತು. ಅಕ್ಕ ಒತ್ತಿದಳು.

"ಬಂತಾ?"

ಆ ಒಂದು ಮಾತು ಅಕ್ಕನನ್ನು ಚಿಕ್ಕಂದಿನ ದಿನಗಳಿಗೆ ಎಳೆದೊಯ್ದಿತು. ಗಾಳಿ ಬೀಸಿದಾಗಲೆಲ್ಲ ತಾರಸಿಯ ಮೇಲಿನ ಟಿವಿ ಆಂಟೆನಾ ತಿರುಗಿಕೊಳ್ಳುತ್ತಿತ್ತು. ಕಡ್ಡಿಯಂಥ ತಮ್ಮ ಅದನ್ನು ಹಿಡಿದುಕೊಂಡು ಮೇಲಿನಿಂದ ಕೂಗುತ್ತಿದ್ದ, "ಬಂತಾ?" ಕೆಳಗೆ ಕಿಟಕಿಯಲ್ಲಿ ಇವಳು, "ಬಂತು... ಹೋಯ್ತು! ಎಡಕ್ಕೋ! ನಿನ್ನ ಎಡ ಅಲ್ಲ, ನನ್ನ ಎಡ!" ಚಿತ್ರ ಸರಿಯಾದ ಕೂಡಲೇ ಅಮ್ಮ, "ಸಿನಿಮಾ ಮುಗಿಯೋವರೆಗೂ ಹಾಗೇ ಹಿಡ್ಕೊಂಡಿರು ಅನ್ನು" ಎಂದು ನಗುತ್ತಿದ್ದಳು. ಬೆಪ್ಪುತಕ್ಕಡಿ, ನಿಂತೇ ಇರುತ್ತಿದ್ದ. ಇವಳು ಕಿಟಕಿಯಿಂದ ಕತೆಯನ್ನೆಲ್ಲ ಮೇಲಕ್ಕೆ ಕೂಗಿ ಹೇಳುತ್ತಿದ್ದಳು. ಎಂಥ ಸಂಜೆಗಳು! ಅಂಥದೊಂದು ಸಂಜೆಗಾಗಿ ಅವಳ ಜೀವ ಹಂಬಲಿಸಿತು.

"ಬಂತೇನೇ?"

"ಇಲ್ವೋ! ವಿಳಾಸ ಸಿಗಲಿಲ್ಲ ಅಂತಿದೆ!"

"ಕೇಬಲ್ ಸರಿಯಾಗಿ ಚುಚ್ಚೇ! ಟಕ್ ಅನ್ಬೇಕು!"

ಟಕ್ ಎಂದಿತು. ಈ ಸಲ ಪರದೆಯ ಮೇಲೆ ಅಂಕಿಗಳು ಓಡಿದವು, ಒಂದು ಗೆರೆ ಮೆಲ್ಲಗೆ ತುಂಬುತ್ತಾ ಹೋಯಿತು, ಕೊನೆಗೆ ಪರದೆ ಬೆಳ್ಳಗೆ ಬೆಳಗಿತು.

"ಬಂತಾ ಅಕ್ಕಾ? ಎಲ್ಲಾ ಇಳಿದು ಮುಗೀತು ಅಂತ ಇಲ್ಲಿ ತೋರಿಸ್ತಿದೆ."

ಅಕ್ಕಾ ಅಂದ! ಈಗ ಬಂತು ಅಂದರೆ ಅವನು ಕಿಟಕಿ ಮುಚ್ಚಿ ಒಳಗೆ ಹೋಗುತ್ತಾನೆ. ನಾಳೆಯಿಂದ ಮತ್ತೆ ಆ ಬಡಪಾಯಿ ಹೆಂಗಸಿನ ಮೊಣಕಾಲೇ ಗತಿ.

"ಅಲ್ಲಿ ತೋರಿಸಬಹುದು ಕಣೋ, ಇಲ್ಲೇನೂ ಇಲ್ಲ" ಎಂದಳು ಅಕ್ಕ. "ನೀನೇ ಬಂದು ನೋಡು."

ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿತು. ಅವಳು ಗಡಿಬಿಡಿಯಿಂದ ಕಂಪ್ಯೂಟರ್ ಆರಿಸಿ, ಬಾಗಿಲು ತೆಗೆಯಲು ಓಡಿದಳು.