ಒಂದೇ ಸೌಂಡ್ ಕಾರ್ಡು, ಇಬ್ಬರು ಯಜಮಾನರು

ಗಂಟಲಿನ ಆಪರೇಷನ್ ಆದ ಮೇಲೆ ಅಕ್ಕ ಮೈಕಿನ ಮುಂದೆ ಕೂರುತ್ತಿದ್ದುದು ಇದೇ ಮೊದಲು. ಇಂಟರ್‌ನೆಟ್ ರೇಡಿಯೊದಲ್ಲಿ ನೇರವಾಗಿ ಕಥೆ ಓದುವುದೆಂದರೆ ಅವಳಿಗೆ ಪ್ರಾಣ. ಇವತ್ತು ಹೊತ್ತಿಗೆ ಸರಿಯಾಗಿ ದನಿ ಬರದಿದ್ದರೆ ಅವಳ ಕಾರ್ಯಕ್ರಮದ ಜಾಗ ಬೇರೆಯವರಿಗೆ ಹೋಗುತ್ತದೆ ಎಂದು ರೇಡಿಯೊದ ಮೇಲ್ವಿಚಾರಕರು ಫೋನಿನಲ್ಲಿ ಮೆತ್ತಗೆ ಹೇಳಿದ್ದರು. ಮೆತ್ತಗೆ ಹೇಳಿದ್ದೇ ಅವಳಿಗೆ ಹೆಚ್ಚು ಚುಚ್ಚಿತ್ತು.

ದನಿಯೋ ಹೊರಡುತ್ತಲೇ ಇರಲಿಲ್ಲ. ಮನೆಯವರೆಲ್ಲ ಪಂಡಿತ ಎಂದು ಕರೆಯುವ ತಮ್ಮ ಅವಳ ಲಿನಕ್ಸ್ ಕಂಪ್ಯೂಟರಿಗೆ ಪೈಪ್‌ವೈರ್ ಎಂಬ ಹೊಸ ಧ್ವನಿ ವ್ಯವಸ್ಥೆ ಹಾಕಿದ್ದ. ರೆಕಾರ್ಡಿಂಗನ್ನೂ ಬ್ರೌಸರನ್ನೂ ಒಟ್ಟಿಗೆ ಸಂಭಾಳಿಸುವಂಥದ್ದು ಅದು. ಆದರೆ ಹಳೆಯ ಧ್ವನಿ ವ್ಯವಸ್ಥೆಯಾದ ಪಲ್ಸ್‌ಆಡಿಯೊ ಜಾಗ ಬಿಟ್ಟರೆ ತಾನೆ! ಇರುವುದೊಂದೇ ಸೌಂಡ್ ಕಾರ್ಡು, ಅದನ್ನು ಹಳೆಯದು ಬಿಗಿಯಾಗಿ ಹಿಡಿದು ಕೂತಿತ್ತು. ಪಂಡಿತ ನಿಲ್ಲಿಸಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮತ್ತೆ ಎದ್ದು ಬರುತ್ತಿತ್ತು. ಇವನೂ ಹಠಮಾರಿ, ಮತ್ತೆ ಮತ್ತೆ ಅದನ್ನೇ ಮಾಡುತ್ತಿದ್ದ.

"ಇರಕ್ಕ, ಎಲ್ಲಾ ಕಿತ್ತು ಹಾಕಿ ಹೊಸದಾಗಿ ಹಾಕ್ಬಿಡ್ತೀನಿ."

"ಏಳೋ ಮೇಲೆ! ನೀನು ಕಿತ್ತು ಜೋಡಿಸೋಷ್ಟರಲ್ಲಿ ನನ್ನ ಜಾಗದಲ್ಲಿ ಇನ್ಯಾರೋ ಓದಿ ಮುಗಿಸಿರ್ತಾರೆ."

ಅಕ್ಕ ಕುರ್ಚಿ ಎಳೆದುಕೊಂಡಳು. ಡಾಕ್ಟರು ಬಾಯಿಗೆ ಬೀಗ ಹಾಕಿದ್ದ ತಿಂಗಳುಗಳಲ್ಲಿ ಸುಮ್ಮನೆ ಕೂತು ನೋಡುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಕಂಪ್ಯೂಟರಿನ ಹಿನ್ನೆಲೆಯಲ್ಲಿ ಓಡುತ್ತಿರುವ ಸೇವೆಗಳನ್ನೆಲ್ಲ ತೆರೆಯ ಮೇಲೆ ತರಿಸಿ, ಒಂದೊಂದೇ ಸಾಲು ಓದಿದಳು.

"ಅದು ತಾನಾಗೇ ಏಳ್ತಿಲ್ಲ ಕಣೋ, ಎಬ್ಬಿಸೋರು ಇದ್ದಾರೆ. ಇಲ್ನೋಡು, ಪಲ್ಸ್‌ಆಡಿಯೊ ಸಾಕೆಟ್ ಅಂತೆ. ನೀನು ಯಜಮಾನನ್ನ ಮಲಗಿಸಿದೆ, ಬಾಗಿಲು ಕಾಯೋನನ್ನ ಹಾಗೇ ಬಿಟ್ಟೆ. ಯಾವ ಪ್ರೋಗ್ರಾಂ ಬಂದು ಬಾಗಿಲು ತಟ್ಟಿದ್ರೂ ಅವನು ಓಡಿಹೋಗಿ ಎಬ್ಬಿಸ್ತಾನೆ."

ಪಂಡಿತ ನಾಲಿಗೆ ಕಚ್ಚಿಕೊಂಡ.

ಹಳೆಯ ಯಜಮಾನ, ಅವನ ಬಾಗಿಲು ಕಾಯುವವ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ, ಮತ್ತೆ ಏಳದಂತೆ ಮಾಸ್ಕ್ ಮಾಡಿ, ಅಕ್ಕ ಹೊಸದನ್ನು ಶುರು ಮಾಡಿದಳು. ಮೈಕಿನ ಮುಂದೆ ಒಮ್ಮೆ ಕೆಮ್ಮಿದಳು. ತೆರೆಯ ಮೇಲೆ ದನಿ ಅಳೆಯುವ ಹಸಿರು ಪಟ್ಟಿ ಛಂಗನೆ ಮೇಲೇರಿತು. ಪಂಡಿತ ಮೇಜು ಗುದ್ದಿ ಕೂಗಿದ. ಅಕ್ಕನಿಗೂ ಕುಣಿಯುವಷ್ಟು ಖುಷಿ.

ಹೆಡ್‌ಫೋನಿನಲ್ಲಿ ಮೇಲ್ವಿಚಾರಕರ ದನಿ ಬಂತು. "ಕೇಳಿಸ್ತಿದೆ ಮೇಡಂ. ಆದ್ರೆ ದನಿ ಸ್ವಲ್ಪ ಒಡೀತಿದೆ. ಕಂಪ್ಯೂಟರ್ ಇನ್ನೂ ಸರಿಹೋಗಿಲ್ವಾ?"

ಪಂಡಿತ ಗಾಬರಿಯಿಂದ ಮೌಸಿಗೆ ಕೈ ಹಾಕಿದ. ಅಕ್ಕ ಆ ಕೈಯನ್ನು ಪಕ್ಕಕ್ಕೆ ಸರಿಸಿ, ಬೆನ್ನು ನೆಟ್ಟಗೆ ಮಾಡಿ ಕೂತಳು.

"ಕಂಪ್ಯೂಟರ್ ಚೆನ್ನಾಗಿದೆ ಸಾರ್. ಇದು ನನ್ನ ಗಂಟಲು. ಇನ್ಮೇಲೆ ಹೀಗೇ ಇರುತ್ತೆ. ಓದ್ಲಾ?"

ಮೇಲ್ವಿಚಾರಕರೆಂದರು, "ಓದಿ ಮೇಡಂ. ಎಲ್ರೂ ಕಾಯ್ತಿದಾರೆ."