ಫೋನು ನಿಂತಿದೆ ಅಂದಿತು, ನೀರು ನಿಂತಿರಲಿಲ್ಲ

ಬಹಳ ವರ್ಷಗಳ ಹಿಂದೆ ಗಡಿಯಾರ ರಿಪೇರಿಯವರು ಕೆಳಮನೆಯ ಟೇಲರಮ್ಮನಿಗೆ ಒಂದು ಮಾತು ಕೊಟ್ಟಿದ್ದರು.

ಅವರ ಬೀದಿ ಇಳಿಜಾರು. ಮೇಲಿನ ಮನೆ ಗಡಿಯಾರದವರದು, ಅದಕ್ಕೆ ಅಂಟಿಕೊಂಡ ಕೆಳಗಿನ ಮನೆ ಟೇಲರಮ್ಮನದು. ಹುಲ್ಲುಹಾಸು ಬೆಳೆಸಬೇಕೆಂದು ಗಡಿಯಾರದವರು ಲಾರಿಯಲ್ಲಿ ಮಣ್ಣು ತರಿಸಿ ಅಂಗಳ ಎತ್ತರಿಸಿದರು. ಆ ಮಣ್ಣು ಹೋಗಿ ಟೇಲರಮ್ಮನ ಹೊಲಿಗೆ ಕೋಣೆಯ ಗೋಡೆಗೆ ಎದೆಮಟ್ಟ ಒರಗಿ ನಿಂತಿತು. ಆಕೆ ಸೊಂಟಕ್ಕೆ ಕೈಯಿಟ್ಟು ಗೇಟಿನ ಮುಂದೆ ನಿಂತಳು.

“ಮೇಲೆ ನೀವು ನೀರು ಬಿಟ್ರೆ ಕೆಳಗೆ ನನ್ನ ಬಟ್ಟೆ ನೆನೆಯುತ್ತೆ. ಮೊದಲು ಮೋರಿ ಕಟ್ಟಿಸಿ, ಆಮೇಲೆ ಹುಲ್ಲು.”

“ಅಳತೆ ಗೊತ್ತಿಲ್ಲದೆ ನೀರು ಬಿಡೋರಿಗೆ ಮೋರಿ ಬೇಕಮ್ಮ. ನಾನು ಸೆಕೆಂಡಿನ ಮುಳ್ಳು ಸರಿಮಾಡೋನು. ನಮ್ಮ ನೀರು ನಿಮ್ಮ ಗೋಡೆ ದಾಟಲ್ಲ. ಇದು ನನ್ನ ಮಾತು.”

ಟೇಲರಮ್ಮ ನಂಬಿದಳು. ಗಡಿಯಾರದವರು ಮೋರಿ ಕಟ್ಟಿಸಲಿಲ್ಲ.

ಮಾತಿಗೆ ತಕ್ಕ ಹಾಗೆ ನಡೆದುಕೊಂಡರು ಕೂಡ. ದಿನಾ ಬೆಳಿಗ್ಗೆ ಪೈಪು ಹಿಡಿದು, ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿ, ಬೇಕಾದಷ್ಟೇ ನೀರು ಬಿಡುತ್ತಿದ್ದರು. ಬೇರೆಯವರಿಗೆ ಪೈಪು ಮುಟ್ಟಲು ಬಿಡುತ್ತಿರಲಿಲ್ಲ. ಹೆಂಡತಿಗೂ ಇಲ್ಲ. ಆಕೆ ಶಾಲೆಯ ಲೈಬ್ರರಿ ನೋಡಿಕೊಳ್ಳುವವಳು, ಬೀದಿಯವರಿಗೆಲ್ಲ ಲೈಬ್ರರಿಯಮ್ಮ. “ನನಗೆ ಕೊಟ್ಟಿರೋ ಸಲಿಗೆಗಿಂತ ಆ ಹುಲ್ಲಿಗೆ ಕೊಟ್ಟಿದ್ದೇ ಜಾಸ್ತಿ” ಎಂದು ಆಗಾಗ ಚುಚ್ಚುತ್ತಿದ್ದಳು.

ಈ ಬೇಸಿಗೆಯಲ್ಲಿ ಗಡಿಯಾರದವರ ಕಣ್ಣು ಕೈಕೊಟ್ಟಿತು. ಕಣ್ಣಿನೊಳಗಿನ ಪರದೆ ಬಿಟ್ಟುಕೊಂಡಿದೆ, ತಡಮಾಡಿದರೆ ದೃಷ್ಟಿ ಹೋಗುತ್ತದೆ ಎಂದರು ಡಾಕ್ಟರು. ದೂರದ ಊರಿನ ಆಸ್ಪತ್ರೆಯಲ್ಲಿ ಆಪರೇಷನ್. ಅದಾದ ಮೇಲೆ ಮುಖ ಕೆಳಗೆ ಮಾಡಿಯೇ ಮಲಗಿರಬೇಕು. ತಲೆ ಎತ್ತಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

“ಹುಲ್ಲಿನ ಗತಿ?” ಗಡಿಯಾರದವರ ಮೊದಲ ಪ್ರಶ್ನೆ ಅದೇ.

ಆ ದಿನ ಅವರ ತಂಗಿ ಬಂದಿದ್ದಳು. ಲೈಬ್ರರಿಯಮ್ಮನ ನಾದಿನಿ. ಕಾಲೇಜೊಂದರ ಮೈದಾನ, ಹುಲ್ಲು, ಗಿಡ ಎಲ್ಲ ನೋಡಿಕೊಳ್ಳುವ ಕೆಲಸ ಅವಳದು. ಬಾಯಿ ಸ್ವಲ್ಪ ಜೋರು.

“ಸ್ಮಾರ್ಟ್ ಕಂಟ್ರೋಲರ್ ಹಾಕಿಸು ಅಣ್ಣಾ. ಫೋನಿಂದಲೇ ನೀರು ಬಿಡಬಹುದು, ನಿಲ್ಲಿಸಬಹುದು. ಆದ್ರೆ ಅಂಗಡಿಗೆ ಹೋಗೋ ಮೊದಲು ನನ್ನ ಮಾತು ಕೇಳು.”

“ಜೀವಮಾನವೆಲ್ಲ ಟೈಮು ನೋಡಿದೋನಿಗೆ ಟೈಮರ್ ಪಾಠ ಹೇಳ್ತೀಯಾ?”

“ಟೈಮಿನ ಪಾಠ ಅಲ್ಲ, ನೀರಿನ ಪಾಠ. ಕೆಲವು ಡಬ್ಬಿ ಮನೆಯ ವೈಫೈ ಒಳಗಿದ್ರೆ ಮಾತ್ರ ಮಾತು ಕೇಳುತ್ವೆ. ಊರು ಬಿಟ್ರೆ ಕಿವುಡು. ಅದನ್ನ ವಿಚಾರಿಸು. ಇನ್ನೊಂದು, ನೀರಿನ ಹರಿವು ಅಳೆಯೋ ಮೀಟರು ಜೋಡಿಸೋ ಹಾಗಿರ್ಬೇಕು. ಬೇಡದ ಹೊತ್ತಲ್ಲಿ ನೀರು ಹರಿದ್ರೆ ಅದು ಫೋನಿಗೆ ಹೇಳ್ಬೇಕು, ಮೇನ್ ವಾಲ್ವನ್ನ ತಾನೇ ಮುಚ್ಚಬೇಕು.”

“ಮೀಟರಂತೆ, ಮೇನ್ ವಾಲ್ವಂತೆ. ಹುಲ್ಲಿಗೆ ನೀರು ಬಿಡೋದಾ, ಅಣೆಕಟ್ಟು ಕಟ್ಟೋದಾ?”

ಲೈಬ್ರರಿಯಮ್ಮ ನಕ್ಕುಬಿಟ್ಟಳು. ನಾದಿನಿ ನಗಲಿಲ್ಲ.

ಗಡಿಯಾರದವರು ಅಂಗಡಿಯಲ್ಲಿ ಎಲ್ಲಕ್ಕಿಂತ ಚೆಂದದ ಪರದೆಯಿದ್ದ ಡಬ್ಬಿ ಆರಿಸಿ ತಂದರು. ಊರು ಬಿಟ್ಟರೂ ಮಾತು ಕೇಳುತ್ತಿತ್ತು, ಅಷ್ಟರ ಮಟ್ಟಿಗೆ ತಂಗಿಯ ಮಾತು ನಡೆಯಿತು. ಹರಿವಿನ ಮೀಟರಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಫೋನಿನಲ್ಲಿ ಒಂದು ಗುಂಡಿ. ಒತ್ತಿದರೆ ಹಸಿರು, ಪೈಪಿನ ವಾಲ್ವು ತಾನೇ ತೆರೆದು ನೀರು ಚಿಮ್ಮುತ್ತದೆ. ಇನ್ನೊಮ್ಮೆ ಒತ್ತಿದರೆ ಕೆಂಪು, ‘ನಿಂತಿದೆ’ ಎಂಬ ಅಕ್ಷರ.

ಹೊರಡುವ ಮುನ್ನ ಇನ್ನೊಂದು ಕೆಲಸ ಮಾಡಿದರು. ಬೀದಿ ಕೊಳವೆಯಿಂದ ಬರುವ ನೀರನ್ನು ಕೈಯಲ್ಲಿ ತಿರುಗಿಸಿ ನಿಲ್ಲಿಸುವ ವಾಲ್ವು ಅಂಗಳದ ಒಂದು ಚಿಕ್ಕ ಗುಂಡಿಯಲ್ಲಿತ್ತು. ಅದರ ಮುಚ್ಚಳದ ಮೇಲೆ ಮಣ್ಣು ಹರಡಿ, ಅಂಚು ಗೊತ್ತಾಗದ ಹಾಗೆ ಹುಲ್ಲು ಹಾಸಿಬಿಟ್ಟರು.

ನಾದಿನಿ ಬಂದು ನೋಡಿ ಹಣೆ ಚಚ್ಚಿಕೊಂಡಳು. “ಅಣ್ಣಾ, ಕೈವಾಲ್ವು ಎಲ್ಲಿ?”

“ಇದೆ, ಕೆಳಗೆ. ಮುಚ್ಚಳ ಕಾಣ್ತಿದ್ರೆ ಹುಲ್ಲಿಗೆ ಕಜ್ಜಿ ಆದ ಹಾಗಿರುತ್ತೆ.”

“ಬೇಕಾದಾಗ ಹುಡುಕೋದು ಹೇಗೆ?”

“ಯಾಕೆ ಬೇಕಾಗುತ್ತೆ? ಫೋನಿದೆಯಲ್ಲ.”

ಆಪರೇಷನ್ ಚೆನ್ನಾಗಿ ಆಯಿತು. ಗಡಿಯಾರದವರು ಆಸ್ಪತ್ರೆಯ ಮಂಚದ ಮೇಲೆ, ಉಂಗುರದಂಥ ದಿಂಬಿನಲ್ಲಿ ಮುಖ ಹುದುಗಿಸಿ ಬೋರಲಾಗಿ ಮಲಗಿದ್ದರು. ಫೋನು ಲೈಬ್ರರಿಯಮ್ಮನ ಕೈಗೆ ಬಂದಿತ್ತು. ಬೆಳಿಗ್ಗೆ ಗಂಡ ಹೇಳಿದಾಗ ಹಸಿರು ಒತ್ತುವುದು, ಸಾಕೆಂದಾಗ ಕೆಂಪು ಒತ್ತುವುದು. ಮೊದಲ ಕೆಲವು ದಿನ ಯಾವ ತಕರಾರೂ ಇರಲಿಲ್ಲ.

ಆ ದಿನ ಮಧ್ಯಾಹ್ನ ಟೇಲರಮ್ಮನ ಕರೆ ಬಂತು.

“ಅಕ್ಕಾ, ನೀರು ಬಿಟ್ಟಿದ್ದೀರಾ?”

“ಇಲ್ವಲ್ಲ. ಬೆಳಿಗ್ಗೆನೇ ನಿಲ್ಲಿಸಿದೆ.”

“ಸರಿಯಾಗಿ ನೋಡಿ. ನನ್ನ ಗೋಡೆ ಬೆವರ್ತಾ ಇದೆ.”

ಲೈಬ್ರರಿಯಮ್ಮ ಆ್ಯಪ್ ತೆರೆದಳು. ಕೆಂಪು ಬಣ್ಣ. ‘ನಿಂತಿದೆ.’ ಮನಸ್ಸಿಗೆ ಸಮಾಧಾನವಾಯಿತು.

“ನಿಂತಿದೆ ಅಂತ ತೋರಿಸ್ತಿದೆ ನೋಡಿ.”

“ನಿಮ್ಮ ಫೋನು ಏನು ತೋರಿಸುತ್ತೋ ನಂಗೊತ್ತಿಲ್ಲ. ನಾನು ಕಿಟಕಿ ಹತ್ರ ನಿಂತಿದ್ದೀನಿ. ಸೊಂಯ್ ಅಂತ ಸದ್ದು ಕೇಳ್ತಿದೆ. ಗೋಡೆ ಬುಡದಿಂದ ನೀರು ಒಳಗೆ ಬರ್ತಿದೆ ಅಕ್ಕಾ.”

ಲೈಬ್ರರಿಯಮ್ಮ ಕೆಂಪು ಒತ್ತಿದಳು. ಮತ್ತೆ ಒತ್ತಿದಳು. ಹಸಿರು ಮಾಡಿ ಮತ್ತೆ ಕೆಂಪು ಮಾಡಿದಳು. ಪ್ರತಿ ಸಲವೂ ಫೋನು ‘ನಿಂತಿದೆ’ ಎಂದಿತು. ಟೇಲರಮ್ಮ ಪ್ರತಿ ಸಲವೂ “ಇಲ್ಲ” ಎಂದಳು.

ಹೊಲಿಗೆ ಕೋಣೆಯ ನೆಲದ ಮೇಲೆ ನರ್ಸುಗಳ ಸಮವಸ್ತ್ರದ ಬಿಳಿ ಬಟ್ಟೆಯ ಥಾನುಗಳಿದ್ದವು. ಟೇಲರಮ್ಮ ವರ್ಷವಿಡೀ ಓಡಾಡಿ ಹಿಡಿದ ಕೆಲಸ ಅದು. ಅದಕ್ಕಿಂತ ಅಪಾಯದ ಸಂಗತಿ ಇನ್ನೊಂದಿತ್ತು. ಹೊಲಿಗೆ ಮೆಷಿನ್ನುಗಳ ವಯರು, ಪ್ಲಗ್ಗು ಎಲ್ಲ ನೆಲಕ್ಕೇ ತಾಗಿಕೊಂಡಿದ್ದವು.

“ನೀವು ಆ ಕೋಣೆಯಿಂದ ಹೊರಗೆ ಬನ್ನಿ, ಮತ್ತೆ ಕಾಲಿಡಬೇಡಿ. ಮೊದಲು ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಅದು ಎಲ್ಲಿದೆ?” ಎಂದಳು ಲೈಬ್ರರಿಯಮ್ಮ.

“ಬಾಗಿಲ ಹೊರಗೇ ಇದೆ.” ಸ್ವಿಚ್ಚು ಟಕ್ಕೆಂದದ್ದು ಫೋನಿನಲ್ಲಿ ಕೇಳಿತು. “ಆಫ್ ಮಾಡಿದೆ. ಈಗ ನಿಮ್ಮ ಗೇಟು ಹತ್ತಿ ಇಳೀತೀನಿ. ಆಮೇಲೆ ಕಳ್ಳಿ ಅಂತ ಕೂಗ್ಬೇಡಿ.”

ಟೇಲರಮ್ಮ ಗೋಡೆಯ ಮೇಲಿನ ಡಬ್ಬಿಯ ಪ್ಲಗ್ಗನ್ನೇ ಕಿತ್ತಳು. ನೀರು ಚಿಮ್ಮುತ್ತಲೇ ಇತ್ತು. ಕೈವಾಲ್ವು ಎಲ್ಲಿ ಎಂದು ಕೇಳಿದಳು. ಲೈಬ್ರರಿಯಮ್ಮನಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಬ್ಬರಿಗೇ. ಅವರು ಇಲ್ಲೇ, ಮುಖ ಕೆಳಗೆ ಮಾಡಿ ಮಲಗಿದ್ದಾರೆ. ಹೇಳಿದರೆ ಗಾಬರಿಯಿಂದ ಎದ್ದು ಕೂತಾರು. ಎದ್ದರೆ ಕಣ್ಣು ಹೋದೀತು. ಹೇಳದಿದ್ದರೆ ಆ ಹೆಣ್ಣುಮಗಳ ಅನ್ನಕ್ಕೆ ಕಲ್ಲು.

ಆಕೆ ಮಂಚದ ಪಕ್ಕ ನೆಲದ ಮೇಲೆ ಕೂತಳು. ಒಂದು ಕೈಯನ್ನು ಗಂಡನ ಕತ್ತಿನ ಹಿಂಭಾಗದ ಮೇಲೆ ಒತ್ತಿ ಹಿಡಿದಳು.

“ರೀ, ನಾನು ಒಂದು ಮಾತು ಹೇಳ್ತೀನಿ. ನೀವು ತಲೆ ಎತ್ತಬಾರದು. ಎತ್ತಲ್ಲ ಅನ್ನಿ ಮೊದಲು.”

“ಏನಾಯ್ತೇ?”

“ಎತ್ತಲ್ಲ ಅನ್ನಿ.”

“ಎತ್ತಲ್ಲ.”

ಹೇಳಿದಳು. ಕೈಯ ಕೆಳಗೆ ಅವರ ಕತ್ತು ಕಲ್ಲಿನ ಹಾಗೆ ಬಿಗಿಯಿತು. ಆದರೆ ತಲೆ ಏಳಲಿಲ್ಲ. ದಿಂಬಿನೊಳಗಿಂದ ಸ್ವರ ಬಂತು.

“ಫೋನು ಇಲ್ಲಿಡು. ಅಮ್ಮಾ, ಗೇಟಿಗೆ ಬೆನ್ನು ಮಾಡಿ ನಿಂತ್ಕೊಳ್ಳಿ. ಅಂಗಳ ಒಂದು ಗಡಿಯಾರ ಅಂದ್ಕೊಳ್ಳಿ. ನಿಮ್ಮ ಕಾಲ ಹತ್ರ ಆರು. ಎದುರು ಬಾಗಿಲಿನ ಹತ್ರ ಹನ್ನೆರಡು. ಎರಡು ಗಂಟೆ ಎಲ್ಲಿ ಬರುತ್ತೋ, ಅಂಚಿಗಿಂತ ಸ್ವಲ್ಪ ಒಳಗೆ ಕಾಲಲ್ಲಿ ಒದ್ದು ನೋಡಿ. ಟೊಳ್ಳು ಸದ್ದು ಬರುತ್ತೆ.”

“ಎಲ್ಲಾ ಕೆಸರು. ಸದ್ದೇ ಬರ್ತಿಲ್ಲ... ಇರಿ. ಇಲ್ಲಿ ಗಟ್ಟಿ ಇದೆ. ಹುಲ್ಲು ಕಿತ್ತು ಬರ್ತಿಲ್ಲವಲ್ಲ, ಜಡೆ ಹೆಣೆದ ಹಾಗಿದೆ.”

“ಕುಯ್ಯಿರಿ. ಏನಾದ್ರೂ ತಗೊಂಡು ಕುಯ್ಯಿರಿ.”

ಟೇಲರಮ್ಮನ ಸೊಂಟದಲ್ಲಿ ಬಟ್ಟೆ ಕತ್ತರಿಸುವ ಕತ್ತರಿ ಸಿಕ್ಕಿಸಿಕೊಂಡೇ ಇತ್ತು. ಕಾಗದ ಕತ್ತರಿಸಲು ಕೂಡ ಆಕೆ ಅದನ್ನು ಯಾರಿಗೂ ಕೊಟ್ಟವಳಲ್ಲ. ಅದರಿಂದಲೇ ಬೇರು, ಮಣ್ಣು, ಕಲ್ಲು ಎನ್ನದೆ ಕಚಕಚ ಕುಯ್ದಳು. ಆ ಸದ್ದು ಫೋನಿನಲ್ಲಿ ಆಸ್ಪತ್ರೆಯವರೆಗೂ ಕೇಳಿತು. ಗಡಿಯಾರದವರು ದಿಂಬಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದರು.

ಕೊನೆಗೆ ಮುಚ್ಚಳ ಎದ್ದಿತು. ಚಕ್ರ ತಿರುಗಿತು. ಫೋನಿನೊಳಗಿನ ಸೊಂಯ್ ಸದ್ದು ಸಣ್ಣಗಾಗಿ ಅಡಗಿತು.

“ನಿಂತಿತು” ಎಂದಳು ಟೇಲರಮ್ಮ. ಆಮೇಲೆ, “ಥಾನು ನೋಡ್ಕೊಂಡು ಬರ್ತೀನಿ” ಎಂದು ಕರೆ ಮುಗಿಸಿದಳು. ಆ ದಿನ ಮತ್ತೆ ಫೋನು ಮಾಡಲಿಲ್ಲ.

ಮಾರನೆಯ ದಿನ ನಾದಿನಿ ಹೋಗಿ, ಡಬ್ಬಿ ನಡೆಸುವ ಪೈಪಿನ ವಾಲ್ವನ್ನು ಬಿಚ್ಚಿಸಿದಳು. ಒಳಗಿನ ರಬ್ಬರಿನ ಕೆಳಗೆ ಮರಳಿನ ಹರಳೊಂದು ಸಿಕ್ಕಿಕೊಂಡಿತ್ತು. ರಬ್ಬರು ಕೂರಲಾಗದೆ ನೀರು ಬೆಳಗಿನಿಂದ ಹರಿದಿತ್ತು. ಕೆಳಗಿದ್ದ ಥಾನುಗಳ ಮೇಲೆ ಮಣ್ಣಿನ ಕಲೆ ಕೂತಿತ್ತು. ಆ ಬಟ್ಟೆ ಸಮವಸ್ತ್ರಕ್ಕೆ ಆಗಲಿಲ್ಲ.

ಊರಿಗೆ ಮರಳಿದ ಮೇಲೆ ಮೂವರು ಹೆಂಗಸರೂ ಗಡಿಯಾರದವರ ಮುಂದೆ ಕೂತರು. ಅವರು ಇನ್ನೂ ತಲೆ ಬಗ್ಗಿಸಿಯೇ ಇದ್ದರು. ಈಗ ಡಾಕ್ಟರು ಹೇಳಿದ್ದಕ್ಕಲ್ಲ.

“ಫೋನು ಸುಳ್ಳು ಹೇಳ್ತಲ್ಲೇ” ಎಂದರು.

“ಸುಳ್ಳು ಹೇಳಿಲ್ಲ ಅಣ್ಣಾ. ನಿಲ್ಲು ಅಂತ ತಾನು ಹೇಳಿದ್ದನ್ನ ತೋರಿಸ್ತು. ನೀರು ಆ ಮಾತು ಕೇಳ್ತೋ ಇಲ್ವೋ ಅದಕ್ಕೆ ಹೇಗೆ ಗೊತ್ತಾಗ್ಬೇಕು? ಅದಕ್ಕೇ ಮೀಟರ್ ಇರೋದು ಹಾಕು ಅಂದಿದ್ದು.”

“ಅಂದ್ರೆ ಮುಳ್ಳು ಓಡ್ತಿದೆ, ಟೈಮು ಮಾತ್ರ ತಪ್ಪು.”

“ಅರ್ಥ ಆಯ್ತಲ್ಲ, ಸದ್ಯ.”

ಟೇಲರಮ್ಮ ಬಾಯಿಬಿಟ್ಟಳು. “ಹೊಸ ಡಬ್ಬಿ ತರೋಕೆ ನಾನೂ ಬರ್ತೀನಿ. ಗೋಡೆ ನಂದಲ್ವಾ.”

ಯಾರೂ ಬೇಡವೆನ್ನಲಿಲ್ಲ. ಅಂಗಡಿಯವನು ಮತ್ತೆ ಬಣ್ಣದ ಪರದೆ ತೋರಿಸಲು ಹೋದಾಗ ಗಡಿಯಾರದವರು ಕೈ ಅಡ್ಡ ಹಿಡಿದರು. “ಅದಿರಲಿ. ನಾನು ನಿಲ್ಲು ಅಂದಿದ್ದನ್ನ ತೋರಿಸುತ್ತಾ, ನೀರು ನಿಂತಿದ್ದನ್ನ ತೋರಿಸುತ್ತಾ?” ಅಂಗಡಿಯವನು ಪರದೆ ಬದಿಗಿಟ್ಟು ಇನ್ನೊಂದು ಪೆಟ್ಟಿಗೆ ತೆಗೆದ.

ಹೊಸ ಕಂಟ್ರೋಲರಿಗೆ ಹರಿವಿನ ಮೀಟರು, ತಾನೇ ಮುಚ್ಚುವ ಮೇನ್ ವಾಲ್ವು, ಮಣ್ಣಿನ ತೇವ ನೋಡುವ ಕಡ್ಡಿ ಇದ್ದವು. ಮರಳು ತಡೆಯುವ ಜರಡಿಯನ್ನು ಪೈಪಿಗೆ ನಾದಿನಿ ಹಾಕಿಸಿದಳು. ಡಬ್ಬಿಯ ಜೊತೆ ಬಂದ ಪಾಸ್‌ವರ್ಡನ್ನು ಲೈಬ್ರರಿಯಮ್ಮ ಅಂದೇ ಬದಲಿಸಿದಳು. ಆ್ಯಪನ್ನು ಟೇಲರಮ್ಮನ ಫೋನಿಗೂ ಹಾಕಿದರು. ಆಕೆ ನೀರು ಬಿಡಲಾರಳು, ನಿಲ್ಲಿಸಬಲ್ಲಳು. ಮೀಟರು ಸರಿಯಿದೆಯೇ ನೋಡಲು ಬೇಕೆಂದೇ ಒಂದು ನಲ್ಲಿ ತೆರೆದಿಟ್ಟರು. ಎರಡು ಫೋನೂ ಒಟ್ಟಿಗೆ ಕೂಗಿದವು, ವಾಲ್ವು ಟಕ್ಕನೆ ಮುಚ್ಚಿತು. ಗೋಡೆಯ ಬುಡಕ್ಕೆ ಮೋರಿಯನ್ನೂ ಕಟ್ಟಿಸಿದರು. ಕೈವಾಲ್ವಿನ ಮುಚ್ಚಳ ಈಗ ಹುಲ್ಲಿನ ನಡುವೆ ಬಿಳಿ ಬಣ್ಣ ಬಳಿದುಕೊಂಡು ಎದ್ದು ಕಾಣುತ್ತದೆ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಅಂಗಳಕ್ಕೂ ಇಂಥ ಡಬ್ಬಿ ತರುವ ಯೋಚನೆಯಿದ್ದರೆ ತನ್ನಿ, ಒಳ್ಳೆಯದೇ. ಆದರೆ ಪರದೆಯ ಅಂದಕ್ಕೆ ಮರುಳಾಗಬೇಡಿ. ಊರಾಚೆಯಿಂದ ಮಾತು ಕೇಳುತ್ತದೆಯೇ, ನೀರು ನಿಜಕ್ಕೂ ನಿಂತಿದೆಯೆಂದು ಹೇಳುತ್ತದೆಯೇ, ನಿಲ್ಲದಿದ್ದರೆ ತಾನೇ ಮುಚ್ಚುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ. ಮನೆಯಿಂದ ಹೊರಡುವ ಮೊದಲು ಒಮ್ಮೆ ಪರೀಕ್ಷೆ ಮಾಡಿ. ಇವತ್ತೇ ಹೊರಗೆ ಹೋಗಿ ನಿಮ್ಮ ಕೈವಾಲ್ವು ಎಲ್ಲಿದೆ ನೋಡಿ, ನೆರೆಯವರಿಗೂ ತೋರಿಸಿ. ನಿಮ್ಮ ನೀರು ಇಳಿದು ಹೋಗುವುದು ಅವರ ಮನೆಗೆ.

ಟೇಲರಮ್ಮ ಈಗಲೂ ಗಡಿಯಾರದವರ ಮನೆಗೆ ಬರುತ್ತಾಳೆ, ಮಾತಾಡುತ್ತಾಳೆ. ‘ನಮ್ಮ ನೀರು ನಿಮ್ಮ ಗೋಡೆ ದಾಟಲ್ಲ’ ಎಂದು ಗಡಿಯಾರದವರು ಅಂದು ಕೊಟ್ಟ ಮಾತು ಮಾತ್ರ ಮುರಿಯಿತು.